ಕಾವಿ ಉಟ್ಟು ಬಂದ ಪಾದ್ರಿಗಳು

ತ್ರಿಪುರಸುಂದರಿಯ ಊರಾದ ಮೂಗೂರಿನಿಂದ ಟಿ. ನರಸೀಪುರದ ಸಂಗಮ ದೂರವಿಲ್ಲ. ಅಲ್ಲಿ ಕಪಿಲೆಯನ್ನು ಕೂಡಿಕೊಳ್ಳುವ ಕಾವೇರಿ ಅದಕ್ಕೂ ಮೊದಲು ಶ್ರೀರಂಗಪಟ್ಟಣದ ದ್ವೀಪವನ್ನು ಬಳಸಿ ಬಂದಿರುತ್ತದೆ. ಮೈಸೂರು ಸೀಮೆಯಲ್ಲಿ ಕ್ರೈಸ್ತ ಧರ್ಮ ನೆಲೆ ಹುಡುಕಿದ ಕಥೆಯ ಬಹುಭಾಗ ನಡೆದದ್ದು ಆ ದ್ವೀಪದ ಆಸುಪಾಸಿನಲ್ಲೇ.

1640ರ ದಶಕದ ಕೊನೆ. ರಣಧೀರ ಕಂಠೀರವ ನರಸರಾಜ ಒಡೆಯರ ಆಳ್ವಿಕೆ. ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ರಾಜಧಾನಿ ಶ್ರೀರಂಗಪಟ್ಟಣಕ್ಕೆ ಬಂದರು. ಮಧುರೆಯಲ್ಲಿ ಪಾದ್ರಿ ರಾಬರ್ಟ್ ಡಿ ನೊಬಿಲಿ ಹಾಕಿಕೊಟ್ಟಿದ್ದ ದಾರಿ ಹಿಡಿದು ಸಂನ್ಯಾಸಿಯ ವೇಷ ತೊಟ್ಟರು, ಕನ್ನಡ ಕಲಿತರು, ಕನ್ನಡದ ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಬರೆದರು. ಪರಂಗಿಯವರೆಂದರೆ ದನ ತಿಂದು ಹೆಂಡ ಕುಡಿಯುವವರು ಎಂದು ಜನ ಮುಖ ತಿರುಗಿಸುತ್ತಿದ್ದ ಕಾಲವದು. ಪರಂಗಿಯಾಗದೆ ಕ್ರೈಸ್ತನಾಗಬಹುದು ಎಂಬುದನ್ನು ಮೊದಲು ತೋರಿಸಬೇಕಿತ್ತು.

ಬೇರೆಯವರ ಆಚಾರಕ್ಕೆ ಸೇರದೆ ಕ್ರೈಸ್ತನಾಗಬಹುದೆ ಎಂಬ ಈ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಕ್ರಿ.ಶ. 50ರ ಸುಮಾರಿಗೆ ಜೆರುಸಲೇಮಿನಲ್ಲಿ ಸೇರಿದ ಹಿರಿಯರ ಮುಂದೆಯೂ ಇದೇ ಇತ್ತು: ಯೇಸುವನ್ನು ನಂಬುವ ಗ್ರೀಕರು ಸುನ್ನತಿ ಮಾಡಿಸಿಕೊಂಡು ಮೊದಲು ಯೆಹೂದ್ಯರಾಗಬೇಕೆ? ಬೇಕಿಲ್ಲ ಎಂದು ತೀರ್ಮಾನವಾಯಿತು. ಯೆಹೂದ್ಯರ ಒಂದು ಪಂಗಡವಾಗಿದ್ದದ್ದು ಆಂಟಿಯೋಕ್, ಎಫೆಸ, ಕೊರಿಂಥ, ರೋಮ್‌ಗಳಲ್ಲಿ ಬೇರೂರಲು ಹಡಗುದಾರಿ, ಗ್ರೀಕ್ ಭಾಷೆಗಳಷ್ಟೇ ಈ ತೀರ್ಮಾನವೂ ಕಾರಣ. ಮೂರ್ತಿಗೆ ನೈವೇದ್ಯವಾದ ಮಾಂಸವನ್ನು ತಿನ್ನಬಹುದೆ ಎಂದು ಕೊರಿಂಥದವರು ಕೇಳಿದಾಗ ಅಪೊಸ್ತಲ ಪೌಲ ಕಾಗದ ಬರೆದು ಸಮಾಧಾನ ಹೇಳಬೇಕಾಯಿತು. ಊಟ, ಉಡುಗೆ, ಪಂಕ್ತಿಗಳ ಈ ಜಗಳ ನಮ್ಮವರಿಗೆ ಬಿಡಿಸಿ ಹೇಳಬೇಕಾದ್ದಲ್ಲ.

ಕಾವಿಯ ದಾರಿಗೂ ಕೊರತೆಯಿತ್ತು. ಮಧುರೆಯ ಪಾದ್ರಿಗಳು ಮೇಲ್ಜಾತಿಗೊಬ್ಬ ಗುರು, ಕೆಳಜಾತಿಗೊಬ್ಬ ಗುರು ಎಂದು ಬೇರೆ ಮಾಡಿದರು; ಹಾಗೆ ಜಾತಿ ಚರ್ಚಿನೊಳಗೂ ಬಂದು ಕೂತಿತು. ದೇಶಾಚಾರಕ್ಕೆ ಒಗ್ಗುವುದು ಬೇರೆ, ದೇಶದ ಅನ್ಯಾಯವನ್ನು ಒಪ್ಪುವುದು ಬೇರೆ. ರೋಮ್‌ಗೆ ದೂರುಗಳು ಹೋದವು. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಹೀಗೆ ಒಪ್ಪಿಕೊಂಡಿದ್ದ ದೇಶಾಚಾರಗಳಲ್ಲಿ ಹಲವನ್ನು ನಿಷೇಧಿಸಿದರು.

1799ರಲ್ಲಿ ಟಿಪ್ಪು ಮಡಿದ ಮೇಲೆ ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್ ಶ್ರೀರಂಗಪಟ್ಟಣಕ್ಕೆ ಬಂದರು. ಅವರದೂ ದೇಶೀ ಉಡುಗೆ, ತಲೆಗೆ ಪೇಟ. ಸಿಡುಬಿಗೆ ಚುಚ್ಚುಮದ್ದು ಹಾಕಿಸುತ್ತ ಹಳ್ಳಿಹಳ್ಳಿ ತಿರುಗಿದರು. 1803–04ರ ಲೆಕ್ಕದಲ್ಲಿ 25,432 ಮಂದಿಗೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನ ಚರ್ಚ್ ಈಗಲೂ ಇದೆ. ಆದರೆ ಹಿಂದೂಗಳನ್ನು ಮತಾಂತರಿಸುವ ಕೆಲಸ ಕೈಗೂಡುವುದಿಲ್ಲವೆಂದು ಖಂಡಿತವಾಗಿ ಬರೆದು, 1823ರಲ್ಲಿ ಊರಿಗೆ ಮರಳಿದರು.

ಆದರೂ ಅದೇ ಮೈಸೂರು ಸೀಮೆಯ ಡೋರ್ನಹಳ್ಳಿಯಲ್ಲಿ ಪ್ರತಿ ಜೂನ್ 13ಕ್ಕೆ ಸಂತ ಅಂತೋಣಿಯವರ ಹಬ್ಬ. ಹೊಲ ಉಳುತ್ತಿದ್ದ ರೈತನಿಗೆ ಮೂರ್ತಿ ಸಿಕ್ಕಿತೆಂಬುದು ಅಲ್ಲಿನ ಸ್ಥಳಕಥೆ, ನಮ್ಮ ಎಷ್ಟೋ ಗ್ರಾಮದೇವತೆಗಳ ಕಥೆಯ ಹಾಗೆಯೇ. ಹರಕೆ ತೀರಿಸಲು ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ ಮಂದಿ.