ಅಂತ್ಯಕ್ರಿಯೆಗೂ ಬಂತು ಆನ್‌ಲೈನ್ ಬುಕಿಂಗ್: ದರಪಟ್ಟಿ ಕೇಳುವುದು ಏಕೆ ಮುಖ್ಯ?

ಊರಿನಲ್ಲಾದರೆ ಸಾವಿನ ಸುದ್ದಿ ಹರಡುತ್ತಿದ್ದಂತೆಯೇ ಚಟ್ಟಕ್ಕೆ ಬಿದಿರು ತರುವವರು, ಹೆಗಲು ಕೊಡುವವರು, ಪುರೋಹಿತರನ್ನೋ ಜಂಗಮರನ್ನೋ ಕರೆತರುವವರು ತಾವಾಗಿಯೇ ಬಂದು ಸೇರುತ್ತಾರೆ. ಮುಂಬೈನ ಫ್ಲಾಟ್‌ನಲ್ಲೋ ದೆಹಲಿಯ ಬಾಡಿಗೆ ಮನೆಯಲ್ಲೋ ಹಾಗಾಗುವುದಿಲ್ಲ. ನೆಂಟರು ಊರಿನಲ್ಲಿ, ಮಕ್ಕಳು ವಿದೇಶದಲ್ಲಿ. ನಡುರಾತ್ರಿ ಆಸ್ಪತ್ರೆಯಲ್ಲಿ ನಿಂತವರ ಕೈ ಮೊದಲು ಹೋಗುವುದು ಮೊಬೈಲ್‌ಗೆ. ಶವವಾಹನ, ಫ್ರೀಜರ್ ಬಾಕ್ಸ್, ಚಿತಾಗಾರ ಎಂದು ಹುಡುಕಿದರೆ ಸಾಲುಸಾಲು ಫೋನ್ ನಂಬರ್‌ಗಳು ತೆರೆದುಕೊಳ್ಳುತ್ತವೆ. ಅಂತ್ಯಕ್ರಿಯೆಯ ವ್ಯವಹಾರ ಈಗ ಆರಂಭವಾಗುವುದು ಇಲ್ಲಿಂದಲೇ.

ಭಾರತದಲ್ಲಿ ಇದನ್ನು ಕಂಪನಿಯ ರೂಪಕ್ಕೆ ತಂದವರಲ್ಲಿ ಮೊದಲು ನೆನಪಾಗುವ ಹೆಸರು ಕೋಲ್ಕತ್ತದ 'ಅಂತ್ಯೇಷ್ಟಿ'. ಐಟಿ ಉದ್ಯೋಗದಲ್ಲಿದ್ದ ಶ್ರುತಿ ರೆಡ್ಡಿ ಸೇಥಿ 2016ರಲ್ಲಿ ಇದನ್ನು ಶುರು ಮಾಡಿದರು. 2022ರ ನವೆಂಬರ್‌ನಲ್ಲಿ ದೆಹಲಿಯ ಪ್ರಗತಿ ಮೈದಾನದ ಅಂತಾರಾಷ್ಟ್ರೀಯ ವ್ಯಾಪಾರ ಮೇಳದಲ್ಲಿ ಮುಂಬೈ ಭಾಗದ 'ಸುಖಾಂತ್' ಸಂಸ್ಥೆ ಹೂವಿನಿಂದ ಅಲಂಕರಿಸಿದ ಚಟ್ಟವನ್ನೇ ಮಳಿಗೆಯಲ್ಲಿಟ್ಟಿತ್ತು. ಅದರ ಚಿತ್ರ ಸಾಮಾಜಿಕ ಜಾಲತಾಣಗಳಲ್ಲಿ ಭಾರಿ ವೈರಲ್ ಆಯಿತು. ಮುಂಗಡ ಸದಸ್ಯತ್ವದ ಶುಲ್ಕ 37,500 ರೂಪಾಯಿ ಎಂದು ಆಗ ವರದಿಯಾಗಿತ್ತು. ಹಲವರು ನಕ್ಕರು, ಕೆಲವರು ಬೇಸರಪಟ್ಟುಕೊಂಡರು. ಆದರೆ ಮಹಾನಗರದಲ್ಲಿ ಒಂಟಿಯಾಗಿರುವ ವೃದ್ಧರಿಗೆ ಅದು ನಗುವ ವಿಷಯವೇನಲ್ಲ.

ಅಂಚೆ ಇಲಾಖೆಯೂ ಈ ಬದಲಾವಣೆಯ ಹೊರಗೆ ಉಳಿದಿಲ್ಲ. ಕೊರೊನಾ ಕಾಲದಲ್ಲಿ, 2021ರಲ್ಲಿ, 'ಓಂ ದಿವ್ಯ ದರ್ಶನ' ಎಂಬ ಸಂಸ್ಥೆಯೊಂದಿಗೆ ಸೇರಿ ಅಸ್ಥಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುವ ವ್ಯವಸ್ಥೆ ಮಾಡಿತು. ವಾರಾಣಸಿ, ಪ್ರಯಾಗರಾಜ್, ಹರಿದ್ವಾರ, ಗಯಾದಲ್ಲಿ ನಡೆಯುವ ವಿಸರ್ಜನೆಯನ್ನು ಮನೆಯವರು ವೆಬ್‌ಕಾಸ್ಟ್‌ನಲ್ಲಿ ನೋಡಬಹುದು.

ಚೌಕಾಸಿ ನಡೆಯದ ವ್ಯಾಪಾರ

ಸೀರೆ ಕೊಳ್ಳುವವರು ನಾಲ್ಕು ಅಂಗಡಿ ಸುತ್ತುತ್ತಾರೆ. ಶವವನ್ನು ಮುಂದಿಟ್ಟುಕೊಂಡು ನಾಲ್ಕು ಕಡೆ ದರ ವಿಚಾರಿಸುವವರು ಯಾರೂ ಇಲ್ಲ. ಸಮಯವೂ ಇಲ್ಲ, ಮನಸ್ಸೂ ಒಪ್ಪುವುದಿಲ್ಲ. 'ಇಂಥ ಹೊತ್ತಲ್ಲೂ ದುಡ್ಡಿನ ಲೆಕ್ಕವೇ' ಎಂಬ ಮಾತಿಗೆ ಹೆದರಿಕೆ ಬೇರೆ. ಹಾಗಾಗಿ ಹುಡುಕಾಟದಲ್ಲಿ ಮೊದಲು ಸಿಕ್ಕ ನಂಬರ್‌ಗೇ ಕೆಲಸ ಹೋಗುತ್ತದೆ. ಆ ಮೊದಲ ಜಾಗ ಹಣ ಕೊಟ್ಟು ಪಡೆದ ಜಾಹೀರಾತೂ ಆಗಿರಬಹುದು. ಫೋನ್ ಎತ್ತಿದವರ ಬಳಿ ಸ್ವಂತ ವಾಹನವೇ ಇಲ್ಲದೆ, ಕೆಲಸವನ್ನು ಮತ್ತೊಬ್ಬರಿಗೆ ದಾಟಿಸಿ ನಡುವೆ ಕಮಿಷನ್ ಇಟ್ಟುಕೊಳ್ಳುವುದೂ ಉಂಟು.

ಅಮೆರಿಕ ಈ ಸಮಸ್ಯೆಯನ್ನು ಬಹಳ ಹಿಂದೆಯೇ ಕಂಡಿತ್ತು. ದುಃಖದಲ್ಲಿದ್ದ ಕುಟುಂಬಗಳಿಗೆ ದುಬಾರಿ ಶವಪೆಟ್ಟಿಗೆ ದಾಟಿಸುವ ಪರಿಯನ್ನು ಜೆಸಿಕಾ ಮಿಟ್‌ಫರ್ಡ್ 1963ರ ಪುಸ್ತಕವೊಂದರಲ್ಲಿ ಬಯಲಿಗೆಳೆದರು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನ 'ಫ್ಯೂನರಲ್ ರೂಲ್' ಜಾರಿಗೆ ಬಂದದ್ದು 1984ರಲ್ಲಿ. ಅದರಂತೆ ಪ್ರತಿ ಸೇವೆಯ ದರವನ್ನೂ ಬಿಡಿಬಿಡಿಯಾಗಿ ಬರೆದ ಪಟ್ಟಿ ಕೊಡಬೇಕು, ಫೋನ್‌ನಲ್ಲಿ ಕೇಳಿದರೂ ದರ ಹೇಳಬೇಕು, ಬೇರೆ ಕಡೆ ಕೊಂಡ ಪೆಟ್ಟಿಗೆಯನ್ನು ಹೆಚ್ಚುವರಿ ಶುಲ್ಕವಿಲ್ಲದೆ ಬಳಸಲು ಬಿಡಬೇಕು. ಇಂಟರ್‌ನೆಟ್ ಬರುವ ಮೊದಲಿನ ನಿಯಮವಾದ್ದರಿಂದ ವೆಬ್‌ಸೈಟ್‌ನಲ್ಲಿ ದರ ಹಾಕಬೇಕೆಂಬ ಮಾತು ಅದರಲ್ಲಿರಲಿಲ್ಲ. ಅದನ್ನು ಸೇರಿಸಬೇಕೇ ಎಂಬ ಚರ್ಚೆಯನ್ನು ಕಮಿಷನ್ 2022ರಲ್ಲಿ ಶುರು ಮಾಡಿತು.

ಬ್ರಿಟನ್ ಒಂದು ಹೆಜ್ಜೆ ಮುಂದಿದೆ. ಅಲ್ಲಿನ ಸ್ಪರ್ಧಾ ಪ್ರಾಧಿಕಾರದ ಆದೇಶದಂತೆ 2021ರ ಸೆಪ್ಟೆಂಬರ್‌ನಿಂದ ಅಂತ್ಯಕ್ರಿಯೆ ಸಂಸ್ಥೆಗಳು ಒಂದೇ ಮಾದರಿಯ ದರಪಟ್ಟಿಯನ್ನು ಅಂಗಡಿಯಲ್ಲೂ ವೆಬ್‌ಸೈಟ್‌ನಲ್ಲೂ ಹಾಕಲೇಬೇಕು. ಗಿರಾಕಿಗಳನ್ನು ತಮ್ಮ ಕಡೆ ಕಳುಹಿಸಲೆಂದು ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಹಣ ಕೊಡುವುದಕ್ಕೂ ನಿಷೇಧವಿದೆ. ಮುಂಗಡ ಅಂತ್ಯಕ್ರಿಯೆ ಯೋಜನೆಗಳ ಪಾಠ ಇನ್ನೂ ಕಹಿ. 2022ರ ಮಾರ್ಚ್‌ನಲ್ಲಿ 'ಸೇಫ್ ಹ್ಯಾಂಡ್ಸ್' ಎಂಬ ಕಂಪನಿ ಕುಸಿದಾಗ ಸುಮಾರು 46,000 ಗ್ರಾಹಕರು ಅತಂತ್ರರಾದರು. ಬದುಕಿದ್ದಾಗಲೇ ತಮ್ಮ ಸಾವಿನ ಖರ್ಚು ಕಟ್ಟಿ, ಮಕ್ಕಳಿಗೆ ಹೊರೆಯಾಗಬಾರದೆಂದುಕೊಂಡವರು ಇವರು. ಅದೇ ವರ್ಷ ಜುಲೈ 29ರಿಂದ ಇಂಥ ಯೋಜನೆಗಳು ಅಲ್ಲಿನ ಹಣಕಾಸು ನಿಯಂತ್ರಕರ ಅಧೀನಕ್ಕೆ ಬಂದವು.

ಭಾರತದಲ್ಲಿ ಅಂತ್ಯಕ್ರಿಯೆ ಕಂಪನಿಗಳಿಗೆಂದೇ ಇಂಥ ನಿಯಮವಿಲ್ಲ. ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ ನಿಜ. ಆದರೆ ತಿಥಿ ಮುಗಿಸಿ ಬಂದ ಮೇಲೆ ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತುವ ಉತ್ಸಾಹ ಎಷ್ಟು ಮಂದಿಗಿರುತ್ತದೆ?

ಶ್ರದ್ಧಾಂಜಲಿಯೂ ಸರಕು

ಮರಣವಾರ್ತೆ ಪತ್ರಿಕೆಯ ಪುಟದಿಂದ ವೆಬ್‌ಸೈಟ್‌ಗೆ ಬಂದಿದೆ. ವಿದೇಶಗಳಲ್ಲಿ ಅಂತ್ಯಕ್ರಿಯೆ ಸಂಸ್ಥೆಗಳ ತಾಣಕ್ಕೆ ಜನರನ್ನು ಸೆಳೆಯುವುದೇ ಈ ಪುಟಗಳು. ಅಲ್ಲೇ ಹೂವು ಮಾರಬಹುದು, ಸಂತಾಪ ಬರೆಸಬಹುದು. ಕೆನಡಾದ 'ಆಫ್ಟರ್‌ಲೈಫ್' ಎಂಬ ತಾಣ ಕುಟುಂಬಗಳು ಬರೆದ ಮರಣವಾರ್ತೆಗಳನ್ನೂ ಫೋಟೊಗಳನ್ನೂ ಅನುಮತಿಯಿಲ್ಲದೆ ನಕಲಿಸಿ, ಪಕ್ಕದಲ್ಲಿ ಹೂವು ಮತ್ತು ಮೇಣದ ಬತ್ತಿ ಮಾರುತ್ತಿತ್ತು. ಅಲ್ಲಿನ ಫೆಡರಲ್ ನ್ಯಾಯಾಲಯ 2019ರಲ್ಲಿ 2 ಕೋಟಿ ಕೆನಡಾ ಡಾಲರ್ ಪರಿಹಾರ ವಿಧಿಸಿತು. ಫೇಸ್‌ಬುಕ್‌ನಲ್ಲಿ ಮೃತರ ವಿವರ ಹಾಕುವಾಗ ಮನೆ ವಿಳಾಸ, ಹುಟ್ಟಿದ ದಿನಾಂಕ ಬಿಡುವುದು ಒಳ್ಳೆಯದು ಎನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ತಿಳಿದಿರಬೇಕಾದ ಲೆಕ್ಕ

ಪ್ಯಾಕೇಜ್ ಎಷ್ಟೇ ಇರಲಿ, ನಗರಗಳಲ್ಲಿ ಹೆಚ್ಚಿನ ಚಿತಾಗಾರಗಳು ಪಾಲಿಕೆಯವು, ಅವುಗಳ ಶುಲ್ಕ ಕಡಿಮೆ. 2020ರಲ್ಲಿ ಕೊರೊನಾದಿಂದ ಸತ್ತವರ ಅಂತ್ಯಕ್ರಿಯೆಯ ವೆಚ್ಚವನ್ನು ಬೆಂಗಳೂರು ಪಾಲಿಕೆ ಮನ್ನಾ ಮಾಡಿದಾಗ ಆ ಮೊತ್ತ ಇದ್ದದ್ದು 1,250 ರೂಪಾಯಿ: ದಹನಕ್ಕೆ 250, ಚಟ್ಟಕ್ಕೆ 900, ಅಸ್ಥಿ ಕುಡಿಕೆಗೆ 100. ಖಾಸಗಿ ಬಿಲ್‌ನಲ್ಲಿ ಪಾಲಿಕೆಯ ಶುಲ್ಕ ಎಷ್ಟು, ವಾಹನ ಎಷ್ಟು, ಪುರೋಹಿತರ ದಕ್ಷಿಣೆ ಎಷ್ಟು ಎಂದು ಬಿಡಿಸಿ ಬರೆಸಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಜಿಎಸ್‌ಟಿ ಹೆಸರಿನಲ್ಲಿ ಹೆಚ್ಚುವರಿ ಕೇಳಿದರೆ ಪ್ರಶ್ನಿಸಬಹುದು. ದಹನ, ದಫನ, ಶವಾಗಾರ, ಶವ ಸಾಗಣೆ ಜಿಎಸ್‌ಟಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿವೆ, ಅವುಗಳಿಗೆ ತೆರಿಗೆಯಿಲ್ಲ. 2022ರಲ್ಲಿ ಸುದ್ದಿಯಾದ ಶೇ. 18 ತೆರಿಗೆ ಚಿತಾಗಾರ ಕಟ್ಟುವ ಕಾಮಗಾರಿಯ ಗುತ್ತಿಗೆಗೆ ಮಾತ್ರ.

ಹೊರನಾಡ ಕನ್ನಡಿಗರು ಫೋನ್‌ನಲ್ಲೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಆನ್‌ಲೈನ್ ಪ್ಯಾಕೇಜ್‌ಗಳು ಹೆಚ್ಚಾಗಿ ದಹನವನ್ನೇ ಲೆಕ್ಕಕ್ಕಿಟ್ಟು ಮಾಡಿದವು. ಲಿಂಗಾಯತರಲ್ಲಿ ಹೂಳುವ ಪದ್ಧತಿ, ಅದೂ ಕುಳಿತ ಭಂಗಿಯಲ್ಲಿ. ಅದಕ್ಕೆ ರುದ್ರಭೂಮಿ ಎಲ್ಲಿದೆ, ಯಾರ ಅನುಮತಿ ಬೇಕು ಎಂಬುದು ಕಂಪನಿಯ ಕಾಲ್ ಸೆಂಟರ್‌ಗಿಂತ ಆ ನಗರದ ಸಮಾಜದ ಸಂಘಕ್ಕೆ ಚೆನ್ನಾಗಿ ಗೊತ್ತಿರುತ್ತದೆ.

ಪಾರ್ಥಿವ ಶರೀರವನ್ನು ವಿಮಾನದಲ್ಲಿ ಊರಿಗೆ ಒಯ್ಯುವುದಾದರೆ ವೈದ್ಯರ ಮರಣ ಪ್ರಮಾಣಪತ್ರ, ಎಂಬಾಮಿಂಗ್ ಪ್ರಮಾಣಪತ್ರ ಮತ್ತು ಪೊಲೀಸರ ನಿರಾಕ್ಷೇಪಣಾ ಪತ್ರವನ್ನು ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಕೇಳುತ್ತವೆ. ಸಾವಿನ ನೋಂದಣಿ ಆಗುವುದು ಸಾವು ಸಂಭವಿಸಿದ ಜಾಗದಲ್ಲೇ. ಪುಣೆಯಲ್ಲಿ ತೀರಿಕೊಂಡವರ ಅಂತ್ಯಕ್ರಿಯೆ ಹುಬ್ಬಳ್ಳಿಯಲ್ಲಿ ನಡೆದರೂ ಪುಣೆಯಲ್ಲೇ, 21 ದಿನಗಳೊಳಗೆ ಮಾಹಿತಿ ಕೊಡಬೇಕು. ಆಸ್ಪತ್ರೆಯಲ್ಲಿ ಸಾವಾಗಿದ್ದರೆ ಆ ಮಾಹಿತಿ ಕಳುಹಿಸುವ ಹೊಣೆ ಆಸ್ಪತ್ರೆಯದು. ಹೆಸರಿನ ಕಾಗುಣಿತ ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ಅಲ್ಲಿಂದ ಹೊರಡುವ ಮೊದಲೇ ನೋಡಿಕೊಂಡರೆ ಮುಂದೆ ಬ್ಯಾಂಕು, ವಿಮೆ, ಪಿಂಚಣಿ ಕಚೇರಿಗಳಲ್ಲಿ ಅಲೆದಾಟ ತಪ್ಪುತ್ತದೆ.