ಮನೆಯ ಸೌರ ಬ್ಯಾಟರಿ: ದತ್ತಾಂಶ ಮತ್ತು ಸ್ವಯಂಚಾಲನೆ

ಚಾವಣಿಯ ಸೌರ ಫಲಕ, ಇನ್ವರ್ಟರ್, ಬ್ಯಾಟರಿ ಮತ್ತು ಮೀಟರ್‌ಗಳಿಂದ ಅಂಕಿಅಂಶ ತೆಗೆದು, ಬ್ಯಾಟರಿ ಯಾವಾಗ ಚಾರ್ಜ್ ಆಗಬೇಕು, ಯಾವಾಗ ಮನೆಗೆ ವಿದ್ಯುತ್ ಕೊಡಬೇಕು ಎಂಬ ತೀರ್ಮಾನವನ್ನು ಒಂದು ಸಣ್ಣ ಕಂಪ್ಯೂಟರಿಗೆ ವಹಿಸುವ ವಿಧಾನ. ಇನ್ವರ್ಟರ್ ಜೊತೆಗೆ ಬರುವ ಮೊಬೈಲ್ ಆ್ಯಪ್ ಕೂಡ ಈ ಕೆಲಸವನ್ನು ಅಷ್ಟಿಷ್ಟು ಮಾಡುತ್ತದೆ. ಆದರೆ ಅದರಲ್ಲಿ ಕಾಣುವುದು ಬಹುತೇಕ ಕೆಲವು ನಿಮಿಷ ಹಳೆಯ ಅಂಕಿ. ಮಾಹಿತಿ ಮನೆಯಿಂದ ತಯಾರಕರ ಸರ್ವರಿಗೆ ಹೋಗಿ, ಅಲ್ಲಿಂದ ಫೋನಿಗೆ ಮರಳುತ್ತದೆ. ಇಂಟರ್ನೆಟ್ ಹೋದರೆ ಅದೂ ಇಲ್ಲ. ಕಂಪನಿ ಸರ್ವರ್ ನಿಲ್ಲಿಸಿದರೆ ಕೇಳುವವರಿಲ್ಲ. ಆದ್ದರಿಂದ ಈ ವಿಷಯದಲ್ಲಿ ಪಳಗಿದವರು ಇನ್ವರ್ಟರಿನ ಸಂವಹನ ಪೋರ್ಟಿಗೇ ನೇರವಾಗಿ ತಂತಿ ಹಾಕುತ್ತಾರೆ.

ಆ ತಂತಿಯಲ್ಲಿ ಹೆಚ್ಚಾಗಿ ನಡೆಯುವ ಸಂಭಾಷಣೆಯ ನಿಯಮಾವಳಿ ಮಾಡ್‌ಬಸ್. 1979ರಲ್ಲಿ ಮೋಡಿಕಾನ್ ಕಂಪನಿ ಕಾರ್ಖಾನೆಯ ನಿಯಂತ್ರಕಗಳಿಗಾಗಿ ರೂಪಿಸಿದ ಇದು ಇಂದಿಗೂ ಬಹುಪಾಲು ಇನ್ವರ್ಟರ್‌ಗಳಲ್ಲಿದೆ. ಆರ್‌ಎಸ್-485 ಎಂಬ ಜೋಡಿ ತಂತಿ, ಅದರ ತುದಿಗೆ ಒಂದು ಯುಎಸ್‌ಬಿ ಪರಿವರ್ತಕ, ಅದಕ್ಕೊಂದು ರಾಸ್ಪ್‌ಬೆರಿ ಪೈ ಎಂಬ ಸಣ್ಣ ಕಂಪ್ಯೂಟರ್: ಸಲಕರಣೆ ಇಷ್ಟೇ. ಕಂಪ್ಯೂಟರ್ ಕೇಳಿದಾಗ ಇನ್ವರ್ಟರ್ ತನ್ನ ರಿಜಿಸ್ಟರ್‌ಗಳಲ್ಲಿರುವ ಸಂಖ್ಯೆಗಳನ್ನು ಕಳಿಸುತ್ತದೆ. ಕಷ್ಟ ಶುರುವಾಗುವುದು ಆ ಸಂಖ್ಯೆಗಳನ್ನು ಓದುವಾಗ. ವೋಲ್ಟೇಜಿನ ರಿಜಿಸ್ಟರಿನಲ್ಲಿ 512 ಎಂದಿದ್ದರೆ ಅದು 51.2 ವೋಲ್ಟ್; ಪೂರ್ಣಾಂಕವನ್ನಷ್ಟೇ ಇಡಲು ಜಾಗವಿರುವುದರಿಂದ ತಯಾರಕರು ಹತ್ತರಿಂದ ಗುಣಿಸಿ ಇಟ್ಟಿರುತ್ತಾರೆ. ಇನ್ನೊಂದರಲ್ಲಿ ಬ್ಯಾಟರಿಯ ವಾಟ್ 65036 ಎಂದು ಬಂದರೆ 65 ಕಿಲೊವಾಟ್ ಹರಿಯುತ್ತಿದೆ ಎಂದು ಗಾಬರಿಪಡಬೇಕಿಲ್ಲ. 16 ಬಿಟ್‌ಗಳ ಜಾಗದಲ್ಲಿ ಋಣ ಸಂಖ್ಯೆಯನ್ನು 65536ರಿಂದ ಕಳೆದು ಬರೆಯುವುದು ರೂಢಿ. ಹಾಗೆ ಓದಿದರೆ ಅದು −500 ವಾಟ್. ಋಣ ಚಿಹ್ನೆಗೆ ಚಾರ್ಜ್ ಎಂದು ಅರ್ಥವೋ ಡಿಸ್ಚಾರ್ಜ್ ಎಂದೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಈ ಗೊಂದಲ ತಪ್ಪಿಸಲು 2009ರಲ್ಲಿ ಹುಟ್ಟಿದ ಸನ್‌ಸ್ಪೆಕ್ ಒಕ್ಕೂಟ ಎಲ್ಲರಿಗೂ ಒಂದೇ ರಿಜಿಸ್ಟರ್ ಪಟ್ಟಿ ಇರಲೆಂದು ಮಾನದಂಡ ತಂದಿತು. ಎಲ್ಲರೂ ಒಪ್ಪಿಕೊಂಡಿಲ್ಲ.

ಹರಿಯುವ ಕರೆಂಟ್ ಅಳೆಯಲು ಮೇನ್ ವೈರಿಗೆ ತೊಡಿಸುವ ಸಿ.ಟಿ. ಕ್ಲಾಂಪ್ ಇನ್ನೊಂದು ತೊಡಕಿನ ಜಾಗ. ಅದನ್ನು ಹಿಂದುಮುಂದಾಗಿ ಹಾಕಿದರೆ ಗ್ರಿಡ್‌ನಿಂದ ಕೊಂಡ ವಿದ್ಯುತ್ ಗ್ರಿಡ್‌ಗೆ ಮಾರಿದಂತೆ ಕಾಣುತ್ತದೆ. ಪರೀಕ್ಷೆ ಸುಲಭ: ಬಿಸಿಲಿಲ್ಲದ ಹೊತ್ತಿನಲ್ಲಿ ಬ್ಯಾಟರಿಯನ್ನು ನಿಲ್ಲಿಸಿ ಗೀಸರ್ ಹಾಕಬೇಕು, ಕೊಂಡ ವಾಟ್ ಏರಿದರೆ ಸರಿ, ಮಾರಿದ್ದು ಏರಿದರೆ ಕ್ಲಾಂಪ್ ತಿರುಗಿಸಬೇಕು.

ಹೀಗೆ ಸಿಕ್ಕ ಅಂಕಿಗಳನ್ನು ಮನೆಯೊಳಗೆ ಹಂಚಲು ಎಂಕ್ಯುಟಿಟಿ ಎಂಬ ಸಂದೇಶ ನಿಯಮಾವಳಿ ಬಳಕೆಯಲ್ಲಿದೆ. ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ 1999ರಲ್ಲಿ ಇದನ್ನು ರಚಿಸಿದ್ದು ತೈಲ ಕೊಳವೆಮಾರ್ಗಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು. ತೀರ್ಮಾನ ಕೈಗೊಳ್ಳುವ ತಂತ್ರಾಂಶಗಳಲ್ಲಿ ಹೆಚ್ಚು ಪ್ರಚಲಿತವಾದುದು ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಕೌಟ್ಸನ್ 2013ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶಕ್ಕೆ 2021ರಲ್ಲಿ ವಿದ್ಯುತ್ ಲೆಕ್ಕದ ಪುಟ ಸೇರಿತು. ಹಳೆಯ ಅಂಕಿಗಳನ್ನು ಕೂಡಿಡಲು ಇನ್‌ಫ್ಲಕ್ಸ್‌ಡಿಬಿ, ನಕ್ಷೆಯಾಗಿ ನೋಡಲು ಗ್ರಫಾನಾ.

ಎಲ್ಲ ಅಂಕಿಗಳೂ ಸಮಾನವಾಗಿ ನಂಬಲರ್ಹವಲ್ಲ. ವೋಲ್ಟ್, ಆಂಪಿಯರ್‌ಗಳು ಅಳತೆಗಳು. ಬ್ಯಾಟರಿಯಲ್ಲಿ ಶೇಕಡ ಎಷ್ಟು ಚಾರ್ಜ್ ಉಳಿದಿದೆ ಎಂಬುದು ಅಂದಾಜು. ಈಗಿನ ಮನೆಬ್ಯಾಟರಿಗಳಲ್ಲಿ ಸಾಮಾನ್ಯವಾದ ಲಿಥಿಯಂ ಐರನ್ ಫಾಸ್ಫೇಟ್ ಕೋಶದ ನಾಮಾಂಕಿತ ವೋಲ್ಟೇಜ್ 3.2, ಅಂಥ 16 ಸಾಲಾಗಿ ಸೇರಿದರೆ 51.2. ಅರ್ಧಕ್ಕಿಂತ ಕೆಳಗಿದ್ದರೂ ಮುಕ್ಕಾಲು ತುಂಬಿದ್ದರೂ ವೋಲ್ಟೇಜ್ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಹಾಗಾಗಿ ಬ್ಯಾಟರಿಯ ನಿರ್ವಹಣಾ ವ್ಯವಸ್ಥೆ, ಅಂದರೆ ಬಿಎಂಎಸ್, ಒಳಬಂದ ಮತ್ತು ಹೊರಹೋದ ಆಂಪಿಯರ್‌ಗಳನ್ನು ಎಣಿಸಿ ಲೆಕ್ಕ ಇಡುತ್ತದೆ. ಸಣ್ಣ ತಪ್ಪುಗಳು ದಿನದಿನಕ್ಕೆ ಕೂಡುತ್ತವೆ. ಸಾಮಾನ್ಯವಾಗಿ ಬ್ಯಾಟರಿ ಪೂರ್ತಿ ತುಂಬಿದಾಗ ಲೆಕ್ಕ ಸರಿಹೋಗುತ್ತದೆ. ಆಷಾಢದ ಮೋಡದಲ್ಲಿ ವಾರಗಟ್ಟಲೆ ಪೂರ್ತಿ ತುಂಬದ ಬ್ಯಾಟರಿ ಶೇಕಡ 30 ತೋರಿಸುತ್ತಲೇ ಒಮ್ಮೆಲೇ ಕೈಕೊಡುವುದು ಇದರಿಂದಲೇ. ಆಗಾಗ ಗ್ರಿಡ್‌ನಿಂದಲಾದರೂ ಪೂರ್ತಿ ಚಾರ್ಜ್ ಮಾಡುವ ನಿಯಮ ಸೇರಿಸುವುದು, ಕೆಳಮಿತಿಯನ್ನು ತುಸು ಎತ್ತರದಲ್ಲೇ ಇಡುವುದು ಜಾಣತನ.

ಸ್ವಯಂಚಾಲನೆ ನಿಜವಾಗಿ ದುಡ್ಡಾಗುವುದು ಹೊತ್ತಿಗೊಂದು ದರವಿರುವ ಕಡೆ. ಬ್ರಿಟನ್ನಿನಲ್ಲಿ ಆಕ್ಟೋಪಸ್ ಎನರ್ಜಿ 2018ರಲ್ಲಿ ತಂದ ಅಜೈಲ್ ಯೋಜನೆಯಲ್ಲಿ ದರ ಅರ್ಧ ಗಂಟೆಗೊಮ್ಮೆ ಬದಲಾಗುತ್ತದೆ. ಮರುದಿನದ ದರಪಟ್ಟಿ ಹಿಂದಿನ ದಿನ ಸಂಜೆ 4ರ ಸುಮಾರಿಗೆ ಪ್ರಕಟವಾಗುತ್ತದೆ, ಯಾವ ಕಂಪ್ಯೂಟರ್ ಬೇಕಾದರೂ ಅದನ್ನು ತರಿಸಿಕೊಳ್ಳಬಹುದು. ಸಂಜೆ 4ರಿಂದ 7 ದುಬಾರಿ. ಗಾಳಿ ಜೋರಾಗಿರುವ ಕೆಲವು ರಾತ್ರಿ ದರ ಸೊನ್ನೆಗಿಂತ ಕೆಳಗಿಳಿಯುತ್ತದೆ. ವಿದ್ಯುತ್ ಬಳಸಿದವರಿಗೇ ಹಣ! ಪ್ರೆಡ್‌ಬ್ಯಾಟ್‌ನಂಥ ತಂತ್ರಾಂಶ ಈ ದರಪಟ್ಟಿ, ನಾಳಿನ ಬಿಸಿಲಿನ ಮುನ್ಸೂಚನೆ ಮತ್ತು ಮನೆಯ ಹಿಂದಿನ ಬಳಕೆಯನ್ನು ಒಟ್ಟಿಗಿಟ್ಟು ಯೋಜನೆ ಹಾಕುತ್ತದೆ. ಚಾರ್ಜ್-ಡಿಸ್ಚಾರ್ಜ್ ನಡುವಿನ ನಷ್ಟವನ್ನು ಲೆಕ್ಕಕ್ಕೆ ಹಿಡಿಯದ ಯೋಜನೆ ಮಾತ್ರ ಮೋಸ. 10 ಯೂನಿಟ್ ತುಂಬಿ 9 ಮರಳಿದರೆ, 9 ಪೆನ್ಸ್‌ಗೆ ಕೊಂಡ ಯೂನಿಟ್ ಕೈಗೆ ಬರುವಷ್ಟರಲ್ಲಿ 10 ಪೆನ್ಸ್ ಆಗಿರುತ್ತದೆ. ಲೋಡ್ ಶೆಡ್ಡಿಂಗ್ ಜೋರಾಗಿದ್ದ ವರ್ಷಗಳಲ್ಲಿ ದಕ್ಷಿಣ ಆಫ್ರಿಕದ ಮನೆಗಳಿಗೆ ಕಾರಣವೇ ಬೇರೆಯಾಗಿತ್ತು: ಅಲ್ಲಿನ ಎಸ್ಕಾಂ ವಿದ್ಯುತ್ ಸಂಸ್ಥೆಯ ವೇಳಾಪಟ್ಟಿಯನ್ನು ಓದಿಕೊಂಡು, ಕರೆಂಟ್ ಹೋಗುವ ಮುನ್ನ ಬ್ಯಾಟರಿ ತುಂಬಿಸುವುದೇ ಮುಖ್ಯ ಕೆಲಸವಾಗಿತ್ತು.

ಕರ್ನಾಟಕದ ಸನ್ನಿವೇಶ ಎರಡಕ್ಕೂ ಪೂರ್ತಿ ಹೊಂದುವುದಿಲ್ಲ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೊವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ನೆಟ್ ಮೀಟರಿಂಗ್‌ನಲ್ಲಿ ಹಗಲು ಕೊಟ್ಟ ಯೂನಿಟ್ಟನ್ನು ರಾತ್ರಿಯ ಬಳಕೆಗೆ ವಜಾ ಹಾಕಿಕೊಳ್ಳಬಹುದು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತವೂ ಇರುವಾಗ, ದರದ ಲೆಕ್ಕಕ್ಕಾಗಿ ಬ್ಯಾಟರಿ ಕೊಳ್ಳುವುದು ಸಣ್ಣ ಮನೆಗೆ ದಕ್ಕದ ಮಾತು. ಬ್ಯಾಟರಿ ಬೇಕಾಗುವುದು ಕರೆಂಟ್ ಹೋದಾಗ. ಬ್ಯಾಟರಿಯಿಲ್ಲದ ಗ್ರಿಡ್-ಟೈ ಇನ್ವರ್ಟರ್, ಲೈನ್‌ಮನ್‌ಗಳ ಸುರಕ್ಷತೆಗಾಗಿ, ಗ್ರಿಡ್ ನಿಂತೊಡನೆ ತಾನೂ ನಿಲ್ಲುತ್ತದೆ; ಉರಿಬಿಸಿಲಿದ್ದರೂ ಮನೆ ಕತ್ತಲು. ಇದು ಹಲವರಿಗೆ ಗೊತ್ತಾಗುವುದು ಫಲಕ ಹಾಕಿಸಿದ ಮೇಲೆ. ಇಲ್ಲಿ ಉಪಯೋಗಕ್ಕೆ ಬರುವ ನಿಯಮಗಳು ಸರಳ: ಬ್ಯಾಟರಿ ತುಂಬಿ ಬಿಸಿಲು ಮಿಕ್ಕರೆ ಬೋರ್‌ವೆಲ್ ಮೋಟರ್ ಅಥವಾ ಗೀಸರ್ ಚಾಲೂ ಮಾಡುವುದು, ಕರೆಂಟ್ ಹೋದೊಡನೆ ಅವೆರಡನ್ನೂ ಕಳಚಿ ಫ್ರಿಜ್, ದೀಪ, ವೈಫೈಗೆ ಮಾತ್ರ ಬ್ಯಾಟರಿ ಬಿಡುವುದು.

ಇನ್ವರ್ಟರಿನ ರಿಜಿಸ್ಟರ್ ಓದುವುದಕ್ಕಿಂತ ಅದರಲ್ಲಿ ಬರೆಯುವುದು ಅಪಾಯ. ಕೆಲವು ಇನ್ವರ್ಟರ್‌ಗಳು ಬದಲಿಸಿದ ಪ್ರತಿ ಸೆಟ್ಟಿಂಗನ್ನೂ ಶಾಶ್ವತ ಸ್ಮೃತಿಯಲ್ಲಿ ಬರೆದಿಡುತ್ತವೆ. ಅಂಥ ಚಿಪ್‌ಗಳ ಬಾಳಿಕೆ ಸಾಮಾನ್ಯವಾಗಿ 1 ಲಕ್ಷ ಬರಹಗಳ ಆಸುಪಾಸು. 5 ಸೆಕೆಂಡಿಗೊಮ್ಮೆ ಚಾರ್ಜ್ ಮಿತಿ ತಿದ್ದುವ ನಿಯಮ ದಿನಕ್ಕೆ 17,280 ಸಲ ಬರೆಯುತ್ತದೆ, ಆರು ದಿನದೊಳಗೆ ಆ ಲೆಕ್ಕ ಮುಗಿಯುತ್ತದೆ. ಇಡಬೇಕಾದ ಮಿತಿ ನಿಜವಾಗಿ ಬದಲಾದಾಗ ಮಾತ್ರ ಬರೆಯಬೇಕು. ಮಾಡ್‌ಬಸ್‌ಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ನೆಟ್‌ವರ್ಕ್ ಮೂಲಕ ಬಳಸುವಾಗ ಅದರ 502ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟರೆ ಯಾರು ಬೇಕಾದರೂ ಇನ್ವರ್ಟರಿಗೆ ಆಜ್ಞೆ ಕೊಡಬಹುದು. ಕೋಶದ ವೋಲ್ಟೇಜ್, ಉಷ್ಣತೆಯ ಕಾವಲನ್ನು ಎಂದಿಗೂ ಬಿಎಂಎಸ್‌ಗೇ ಬಿಡಬೇಕು. ಅಂಕಿ ಬರುವುದು ನಿಂತರೆ ಏನು ಮಾಡಬೇಕೆಂಬ ನಿಯಮ ಮೊದಲೇ ಇರಬೇಕು: ಕೆಲವು ನಿಮಿಷ ಹೊಸ ಅಂಕಿ ಬಾರದಿದ್ದರೆ ಬಲವಂತದ ಚಾರ್ಜ್, ಡಿಸ್ಚಾರ್ಜ್ ಎರಡನ್ನೂ ರದ್ದುಮಾಡಿ, ಇನ್ವರ್ಟರನ್ನು ಅದರ ಮೂಲ ಸ್ವಬಳಕೆ ಕ್ರಮಕ್ಕೆ ಮರಳಿಸಬೇಕು.