ಆಜೀವ ಭರವಸೆಯ ಪತ್ರಗಳು

ಪದವಿ ತರಗತಿಯಲ್ಲಿ ಇತಿಹಾಸವನ್ನು ಅಭ್ಯಸಿಸಿದ ನನಗೆ ಕನ್ನಡ ನಾಡಿನ ದಾನಶಾಸನಗಳ ಮಾತಿನ ರೀತಿ ಇಂದಿಗೂ ನೆನಪಿನಲ್ಲಿದೆ. ಕೊಟ್ಟ ಭೂಮಿ ಆಚಂದ್ರಾರ್ಕವಾಗಿ ಸಲ್ಲತಕ್ಕದ್ದೆಂದು ಸಾರಿ, ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಗುರಿಯಾಗುವನೆಂದು ಎಚ್ಚರಿಸಿ ಎಷ್ಟೋ ಶಾಸನಗಳು ಮುಗಿಯುತ್ತವೆ. ಕೊಟ್ಟವನೇ ತನಗೆ ಬೇಕೆನಿಸಿದಾಗ ಹಿಂದಕ್ಕೆ ಪಡೆಯಬಹುದೆಂಬ ಸಾಲನ್ನು ನಾನು ಓದಿದ ಯಾವ ಶಾಸನಪಾಠದಲ್ಲಿಯೂ ಕಾಣಲಿಲ್ಲ. ಅಮೆರಿಕದ ಕಂಪನಿಗಳು ತಮ್ಮ ನಿವೃತ್ತ ನೌಕರರಿಗೆ ಆರೋಗ್ಯ ವಿಮೆಯ ವಿಷಯವಾಗಿ ಬರೆಯುತ್ತ ಬಂದಿರುವ ಪತ್ರಗಳ ಚರಿತ್ರೆಯಾದರೋ ಬಹುಮಟ್ಟಿಗೆ ಅಂತಹ ಒಂದು ಸಾಲಿನ ಚರಿತ್ರೆಯೇ ಆಗಿದೆ.

ಈ ಚರಿತ್ರೆ ನಮಗೆ ಹೊರಗಿನದಲ್ಲ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಎರಡು ಕಾನೂನುಗಳಿಗೆ ಸಹಿ ಹಾಕಿದರು. ಜುಲೈ 30ರಂದು ಸಹಿಯಾದದ್ದು 65 ವರ್ಷ ತುಂಬಿದವರಿಗೆ ಆರೋಗ್ಯ ವಿಮೆ ಒದಗಿಸುವ ಮೆಡಿಕೇರ್. ಅಕ್ಟೋಬರ್ 3ರಂದು ಸಹಿಯಾದದ್ದು ನಮ್ಮ ನಾಡಿನ ಇಂಜಿನಿಯರುಗಳಿಗೂ ವೈದ್ಯರಿಗೂ ಈ ದೇಶದ ಬಾಗಿಲನ್ನು ತೆರೆದ ವಲಸೆ ಕಾನೂನು. ಎರಡನೆಯ ಕಾನೂನಿನ ಬಲದಿಂದ ಇಲ್ಲಿಗೆ ಬಂದು ದುಡಿದ ಪೀಳಿಗೆ ಈಗ ಮೊದಲನೆಯದರ ಆಶ್ರಯದಲ್ಲಿದೆ. ಇವೆರಡರ ನಡುವೆ ಸೇತುವೆಯಂತಿದ್ದುದು ಕಂಪನಿಯ ನಿವೃತ್ತ ವಿಮೆ.

ಈ ಸೇತುವೆ ಕಟ್ಟಲ್ಪಟ್ಟ ಬಗೆಯೂ ಸ್ವಾರಸ್ಯಕರವಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸರ್ಕಾರವು ವೇತನಗಳಿಗೆ ಕಡಿವಾಣ ಹಾಕಿತು. ವಿಮೆಯಂತಹ ಸೌಲಭ್ಯಗಳನ್ನು ಆ ಕಡಿವಾಣದಿಂದ ಹೊರಗಿಟ್ಟಿತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ವಿಮೆಯನ್ನು ಮುಂದೊಡ್ಡಿದವು. 1954ರ ತೆರಿಗೆ ಸಂಹಿತೆಯು ಅದಕ್ಕೆ ತೆರಿಗೆ ವಿನಾಯಿತಿಯನ್ನು ದೃಢಪಡಿಸಿತು. ಮೆಡಿಕೇರ್ ಬಂದ ಮೇಲೆ 65 ತುಂಬಿದ ನಿವೃತ್ತರ ವೆಚ್ಚದ ದೊಡ್ಡ ಪಾಲನ್ನು ಸರ್ಕಾರವೇ ಮೊದಲು ಭರಿಸತೊಡಗಿದುದರಿಂದ, ಉಳಿದ ಪಾಲನ್ನು ತಾವು ಕೊಡುವೆವೆಂದು ಹೇಳುವುದು ಕಂಪನಿಗಳಿಗೆ ಅಗ್ಗವಾಗಿ ಕಂಡಿತು. ಆಗ ಹೊರಬಿದ್ದ ಕೈಪಿಡಿಗಳಲ್ಲಿ 'ಜೀವನಪರ್ಯಂತ' ಎಂಬ ಪದ ಧಾರಾಳವಾಗಿ ಬಳಕೆಯಾಯಿತು.

1963ರ ಡಿಸೆಂಬರಿನಲ್ಲಿ ಇಂಡಿಯಾನಾದ ಸೌತ್ ಬೆಂಡ್ ಊರಿನ ಸ್ಟುಡಿಬೇಕರ್ ಕಾರು ಕಾರ್ಖಾನೆ ಮುಚ್ಚಿತು. ಸುಮಾರು 4,000 ಕೆಲಸಗಾರರಿಗೆ ತಾವು ಗಳಿಸಿದ್ದ ಪೆನ್ಷನ್ನಿನ ಮೌಲ್ಯದಲ್ಲಿ ನೂರಕ್ಕೆ 15ರಷ್ಟು ಮಾತ್ರ ಕೈಸೇರಿತು. ಈ ಅನ್ಯಾಯವು ಜನಮನವನ್ನು ಕಲಕಿ, 1974ರ ಸೆಪ್ಟೆಂಬರ್ 2ರಂದು ಎರಿಸಾ ಎಂಬ ಕಾನೂನು ಜಾರಿಗೆ ಬರಲು ಒಂದು ಕಾರಣವಾಯಿತು. ಎರಿಸಾ ಪೆನ್ಷನ್ನಿಗೆ ಭದ್ರವಾದ ಬೇಲಿ ಕಟ್ಟಿತು. ಆದರೆ ಆರೋಗ್ಯ ವಿಮೆಯನ್ನು ಆ ಬೇಲಿಯ ಹೊರಗೆ ಬಿಟ್ಟಿತು. ಯೋಜನೆಯ ಸಾರಾಂಶವನ್ನು ಸಾಮಾನ್ಯ ಸದಸ್ಯನಿಗೆ ಅರ್ಥವಾಗುವಂತೆ ಬರೆದು ಕೊಡಬೇಕೆಂದು ಮಾತ್ರ ವಿಧಿಸಿತು. ಕಂಪನಿಗಳು ಬರೆದುಕೊಟ್ಟವು. 'ಯಾವ ಸಮಯದಲ್ಲಾದರೂ ಈ ಯೋಜನೆಯನ್ನು ಬದಲಾಯಿಸುವ ಅಥವಾ ಕೊನೆಗೊಳಿಸುವ ಹಕ್ಕು ಕಂಪನಿಗಿದೆ' ಎಂಬ ಅರ್ಥದ ವಾಕ್ಯವೊಂದು ಅವುಗಳ ಯಾವುದೋ ಪುಟದಲ್ಲಿ ಸೇರಿಕೊಂಡಿತು.

ಆ ವಾಕ್ಯದ ಬೆಲೆ ತಿಳಿದದ್ದು 1980ರ ದಶಕದಲ್ಲಿ. 1986ರ ಜುಲೈ ತಿಂಗಳಲ್ಲಿ ಎಲ್‌ಟಿವಿ ಎಂಬ ಉಕ್ಕಿನ ಕಂಪನಿ ದಿವಾಳಿ ನ್ಯಾಯಾಲಯವನ್ನು ಆಶ್ರಯಿಸಿ, ಸುಮಾರು 78,000 ನಿವೃತ್ತರ ವಿಮೆಯನ್ನು ಒಮ್ಮೆಲೇ ನಿಲ್ಲಿಸಿತು. ಪ್ರತಿಭಟನೆಗಳು ಎದ್ದು ವಿಮೆ ಮರಳಿ ಬಂದಿತು. 1988ರಲ್ಲಿ ದಿವಾಳಿಯಾದ ಕಂಪನಿಯೂ ನ್ಯಾಯಾಲಯದ ಒಪ್ಪಿಗೆಯಿಲ್ಲದೆ ಹೀಗೆ ನಿಲ್ಲಿಸಕೂಡದೆಂದು ಕಾನೂನಾಯಿತು. 1990ರ ಡಿಸೆಂಬರಿನಲ್ಲಿ ಲೆಕ್ಕಶಾಸ್ತ್ರದ ಮಂಡಲಿಯು ಹೊಸ ನಿಯಮವೊಂದನ್ನು ಹೊರಡಿಸಿತು. ನಿವೃತ್ತರಿಗೆ ಮುಂದೆ ತೆರಬೇಕಾದ ಆರೋಗ್ಯ ವೆಚ್ಚವನ್ನು ಈಗಲೇ ಋಣವೆಂದು ಲೆಕ್ಕಪತ್ರದಲ್ಲಿ ತೋರಿಸಬೇಕೆಂಬುದು ಅದರ ಸಾರ. 1992ರ ಲೆಕ್ಕದಲ್ಲಿ ಜನರಲ್ ಮೋಟಾರ್ಸ್ ಕಂಪನಿ ಈ ಒಂದು ಬಾಬಿಗೆ 2,080 ಕೋಟಿ ಡಾಲರುಗಳನ್ನು ಬರೆದುಕೊಂಡಿತು. ಅಗ್ಗವೆಂದು ತೋರಿದ್ದ ಭರವಸೆ ಈಗ ಪರ್ವತದಂತೆ ಕಂಡಿತು. ಹಲವು ಕಂಪನಿಗಳಿಂದ ನಿವೃತ್ತರ ಮನೆಗಳಿಗೆ ಬದಲಾವಣೆಯ ಪತ್ರಗಳು ಬರತೊಡಗಿದವು.

ಪತ್ರ ಪಡೆದವರು ನ್ಯಾಯಾಲಯದ ಮೆಟ್ಟಿಲೇರಿದರು. ಜನರಲ್ ಮೋಟಾರ್ಸ್ ಕಂಪನಿಯ ಸುಮಾರು 84,000 ನಿವೃತ್ತ ಸಂಬಳದಾರರ ಪರವಾಗಿ 1989ರಲ್ಲಿ ಹೂಡಿದ ದಾವೆ ಇವುಗಳಲ್ಲಿ ಹೆಸರಾದದ್ದು. ಜೀವನಪರ್ಯಂತ ವಿಮೆಯೆಂದು ಕೈಪಿಡಿಗಳೂ ಅಧಿಕಾರಿಗಳೂ ತಮಗೆ ಹೇಳಿದ್ದರೆಂದು ಅವರು ವಾದಿಸಿದರು. 1998ರಲ್ಲಿ ಮೇಲ್ಮನವಿ ನ್ಯಾಯಾಲಯವು, ಹಕ್ಕು ಕಾಯ್ದಿರಿಸಿದ ವಾಕ್ಯವೂ ಅದೇ ಕಾಗದಗಳಲ್ಲಿ ಇತ್ತೆಂದು ಕಂಪನಿಯ ಪರವಾಗಿ ತೀರ್ಪಿತ್ತಿತು. ಇದಕ್ಕೆ ಮುನ್ನ 1995ರಲ್ಲಿ, ಕರ್ಟಿಸ್-ರೈಟ್ ಕಂಪನಿಯ ಮೊಕದ್ದಮೆಯಲ್ಲಿ, ಬದಲಾಯಿಸುವ ಹಕ್ಕು 'ಕಂಪನಿ'ಗಿದೆ ಎಂದಿಷ್ಟೇ ಬರೆದಿದ್ದರೂ ತಿದ್ದುಪಡಿಯ ಕ್ರಮವನ್ನು ಹೇಳಿದಂತಾಯಿತೆಂದು ಸುಪ್ರೀಂ ಕೋರ್ಟು ಒಮ್ಮತದಿಂದ ನುಡಿದಿತ್ತು. 2015ರಲ್ಲಿ ಅದೇ ಕೋರ್ಟು, ಒಪ್ಪಂದವು ಅವಧಿಯ ಬಗ್ಗೆ ಮೌನವಾಗಿದ್ದರೆ ಆ ಮೌನವನ್ನೇ ಆಜೀವವೆಂದು ಊಹಿಸಲಾಗದೆಂದು ಹೇಳಿತು.

ಆದರೆ ನೌಕರರು ಗೆದ್ದ ಒಂದು ಮೊಕದ್ದಮೆಯನ್ನೂ ಇಲ್ಲಿ ಸ್ಮರಿಸಬೇಕು. 1986ರಲ್ಲಿ ವ್ಯಾರಿಟಿ ಎಂಬ ಕಂಪನಿಯು ನಷ್ಟದ ವಿಭಾಗಗಳನ್ನೆಲ್ಲ ಹೊಸದೊಂದು ಸಂಸ್ಥೆಗೆ ಸೇರಿಸಿ, ಸೌಲಭ್ಯಗಳು ಸುಭದ್ರವಾಗಿರುವುವೆಂದು ಸಭೆ ಕರೆದು ನಂಬಿಸಿ, ಸುಮಾರು 1,500 ನೌಕರರನ್ನು ಅಲ್ಲಿಗೆ ಕಳುಹಿಸಿತು. ಎರಡು ವರ್ಷಗಳಲ್ಲಿ ಆ ಸಂಸ್ಥೆ ಮುಳುಗಿತು. 1996ರಲ್ಲಿ ಸುಪ್ರೀಂ ಕೋರ್ಟು ಇದನ್ನು ವಿಶ್ವಾಸಭಂಗವೆಂದು ಪರಿಗಣಿಸಿತು. ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಾತ್ಪರ್ಯ ಸ್ಪಷ್ಟ: ಕಂಪನಿ ಸೌಲಭ್ಯವನ್ನು ಕಡಿಮೆ ಮಾಡಬಹುದು, ಅದರ ಬಗ್ಗೆ ತಿಳಿದೂ ತಿಳಿದೂ ಸುಳ್ಳು ಹೇಳಕೂಡದು.

ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ. ನೌಕರರಿಗೆ ವಿಮೆ ಕೊಡುವ ದೊಡ್ಡ ಕಂಪನಿಗಳಲ್ಲಿ ನಿವೃತ್ತರಿಗೂ ಕೊಡುತ್ತಿದ್ದವು 1988ರಲ್ಲಿ ನೂರಕ್ಕೆ 66 ಇದ್ದವು. 2023ರಲ್ಲಿ 21 ಮಾತ್ರ. ಪತ್ರಗಳ ಭಾಷೆಯೂ ಬದಲಾಯಿತು. 2013ರಲ್ಲಿ ಐಬಿಎಂ ಕಂಪನಿ ಸುಮಾರು 1,10,000 ನಿವೃತ್ತರಿಗೆ, ಮುಂದಿನ ವರ್ಷದಿಂದ ಖಾಸಗಿ ವಿಮಾ ಮಾರುಕಟ್ಟೆಯಲ್ಲಿ ತಾವೇ ವಿಮೆಯನ್ನು ಆರಿಸಿಕೊಳ್ಳಬೇಕೆಂದು ತಿಳಿಸಿತು. ಇಂತಹ ಪತ್ರಗಳಲ್ಲಿ 'ಕಡಿತ' ಎಂಬ ಪದ ವಿರಳ. 'ಆಯ್ಕೆ' ಎಂಬ ಪದವೇ ಮೆರೆಯುತ್ತದೆ.

ನಮ್ಮ ಮನೆಗೆ ಬರುವ ಅಂಚೆಯನ್ನು ತೆರೆದು ಓದುವುದು ಬಹುಕಾಲದಿಂದ ನನ್ನ ಪಾಲಿನ ಕೆಲಸ. ನನ್ನ ಯಜಮಾನರು ದುಡಿದ ಕಂಪನಿಯಿಂದ ಬಂದ ಅಂತಹ ಒಂದು ಪತ್ರ 'ಸಂತೋಷದ ಸುದ್ದಿ' ಎಂದೇ ಆರಂಭವಾಗಿತ್ತು. ಅವರಿಗೆ 65 ತುಂಬಿದೊಡನೆ ಪತ್ನಿಯ ವಿಮೆಯೂ ಮುಗಿಯುವುದೆಂಬ ಮಾತು ಏಳನೆಯ ಪುಟದಲ್ಲಿತ್ತು. ಹೊರಗೆ ದುಡಿಯದ ಗೃಹಿಣಿಗೂ ಪತಿಯ ದುಡಿಮೆಯ ಲೆಕ್ಕದ ಮೇಲೆ ಮೆಡಿಕೇರ್ ದೊರೆಯುತ್ತದೆ, ನಿಜ. ಆದರೆ ಅದು ಅವಳಿಗೇ 65 ತುಂಬಿದ ಮೇಲೆ. ವಯಸ್ಸಿನಲ್ಲಿ ಪತಿಗಿಂತ ಏಳೆಂಟು ವರ್ಷ ಕಿರಿಯರಾದ ನಮ್ಮ ಸಮುದಾಯದ ಎಷ್ಟೋ ಹೆಣ್ಣುಮಕ್ಕಳಿಗೆ ಆ ನಡುವಿನ ವರ್ಷಗಳೇ ಕಷ್ಟದವು. ಪತ್ರ ಬರುವುದು ಪತಿಯ ಹೆಸರಿಗೆ. ಅದರ ಭಾರ ಬೀಳುವುದು ಪತ್ನಿಯ ಮೇಲೆ.

ಆದುದರಿಂದ ಸೋದರಿಯರಲ್ಲಿ ನನ್ನ ವಿನಂತಿ ಇಷ್ಟು. ಯೋಜನೆಯ ಸಾರಾಂಶವನ್ನು ಲಿಖಿತವಾಗಿ ಕೇಳಿದರೆ ಕಂಪನಿ ಕೊಡಲೇಬೇಕು; ಕೇಳಿ ಪಡೆಯಿರಿ. ಬದಲಾವಣೆಯ ಸೂಚನೆಗೆ ಕಾನೂನು ಸಾಮಾನ್ಯವಾಗಿ ಆ ಯೋಜನಾ ವರ್ಷ ಮುಗಿದ ಮೇಲೆ 210 ದಿನಗಳವರೆಗೆ ಅವಕಾಶ ಕೊಟ್ಟಿದೆ. ಆರೋಗ್ಯ ಯೋಜನೆಯಲ್ಲಿ ಗಣನೀಯ ಕಡಿತವಾದರೆ ನಿರ್ಧಾರವಾದ 60 ದಿನಗಳೊಳಗೆ ತಿಳಿಸಬೇಕು. ಹೀಗಾಗಿ ಪತ್ರ ಕೈಸೇರುವ ಹೊತ್ತಿಗೆ ಬದಲಾವಣೆ ಆಗಿಹೋಗಿರಬಹುದು. ಔಷಧ ವಿಮೆಯ ಬಗ್ಗೆ ಪ್ರತಿ ಶರತ್ಕಾಲದಲ್ಲಿ ಬರುವ ಸೂಚನೆಯನ್ನು ಎಸೆಯದಿರಿ. ಮೆಡಿಕೇರ್‌ಗೆ ಅರ್ಹರಾದ ಮೇಲೆ ಸಮಾನ ಮಟ್ಟದ ಔಷಧ ವಿಮೆಯಿಲ್ಲದೆ 63 ದಿನ ಕಳೆದರೆ, ಮುಂದೆ ಸೇರುವಾಗ ದಂಡ ಬೀಳುತ್ತದೆ. ಅದು ಸಾಮಾನ್ಯವಾಗಿ ಆಜೀವವಾಗಿ ಉಳಿಯುತ್ತದೆ. ಕಂಪನಿಯ ವಿಮೆ ಹೋದ ಗೃಹಿಣಿಗೆ 2014ರಿಂದ ನಡೆಯುತ್ತಿರುವ ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ಸೇರಲು 60 ದಿನಗಳ ಕಾಲಾವಕಾಶವಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಎಚ್ಚರಿಸಿದ್ದು ಆಡುವವರನ್ನು. ಈ ದೇಶದ ನ್ಯಾಯಾಲಯಗಳು ಎಚ್ಚರಿಸಿರುವುದು ಕೇಳುವವರನ್ನು. ನಿವೃತ್ತಿಯ ದಿನ ಆಡಿದ ಒಳ್ಳೆಯ ಮಾತುಗಳು ಮನಸ್ಸಿನಲ್ಲಿರಲಿ. ಅಂಚೆಯಲ್ಲಿ ಬಂದ ಕಾಗದಗಳು, ಲಕೋಟೆಯ ಮೇಲಿನ ತಾರೀಖಿನೊಂದಿಗೆ, ಪೆಟ್ಟಿಗೆಯಲ್ಲಿರಲಿ. ಮನೆಯಲ್ಲಿ ಇಬ್ಬರೂ ಅವನ್ನು ಓದಿರಲಿ.